ಶೆಲ್ಲಿನ ಮ್ಯಾಲ 9800 ಅಂತ ಬರದೈತಿ, ಒಳಗ ಎಷ್ಟೈತಿ? ತೂಗಿ, ಖಾಲಿ ಮಾಡಿ ನೋಡಿದ ಲೆಕ್ಕ

ಮುಧೋಳ ರಿಪೇರಿ
ಭಾನುವಾರ, ರಾತ್ರಿ 9:40

ಎಲ್ಲಾರಿಗೂ ಶರಣ್ರಿ. ನಂದು ಮುಧೋಳದಾಗ ಒಂದು ರಿಪೇರಿ ಅಂಗಡಿ. ಮೊಬೈಲು, ಎಣ್ಣಿ ಹೊಡಿಯೋ ಪಂಪು, ಎಮರ್ಜೆನ್ಸಿ ಲೈಟು, ಎಲ್ಲಾ ಬರ್ತಾವ. ಮನಿಗೆ ಮೂರು ಎಕರೆ ಕಬ್ಬೈತಿ.

ಹೋದ ತಿಂಗಳು ನಮ್ಮ ಫೀಡರಿಗೆ ತ್ರೀ ಫೇಸ್ ರಾತ್ರಿ ಪಾಳಿ ಇತ್ತು. ಅಪ್ಪ ಬ್ಯಾಟರಿಗೆ ಹೊಸ ಶೆಲ್ಲು ಹಾಕ್ಕೊಂಡು, ಪೂರಾ ಚಾರ್ಜ್ ಮಾಡ್ಕೊಂಡು, 11 ಗಂಟೆಕ್ಕ ನೀರು ಹಾಯ್ಸಾಕ ಹೋದ. (ಬೆಂಗಳೂರು ಕಡೆಯವರು ಯಾರಾದ್ರೂ ಓದಿದ್ರ: ನಮ್ಮಲ್ಲಿ ಬ್ಯಾಟರಿ ಅಂದ್ರ ಟಾರ್ಚು, ಅದರೊಳಗ ಹಾಕೂದು ಶೆಲ್ಲು.) 1 ಗಂಟೆ ಸುಮಾರಿಗೆ ಬ್ಯಾಟರಿ ಆರಿಹೋತು. ಕಬ್ಬು ಆಳೆತ್ತರ ಆಗೈತಿ, ಕಾಲಾಗ ನೀರು, ಕೊಳಕಮಂಡಲ ಓಡಾಡೂ ಹೊತ್ತು. ಅಪ್ಪ ಬೋದಿನ ಮ್ಯಾಲ ನಿಂತಲ್ಲೇ ನಿಂತು ನನಗ ಫೋನ್ ಮಾಡಿದ. ನಾ ಗಾಡಿ ತಗೊಂಡು ಹೋಗಿ ಕರ್ಕೊಂಡು ಬಂದೆ. ದಾರ್‍ಯಾಗ ಅಪ್ಪ ಒಂದೇ ಮಾತು ಕೇಳಿದ: "ಇದು ಎಂಟು ತಾಸು ಬರ್ತದ ಅಂದಿದ್ದೆಲ್ಲಪಾ?"

ಹೌದು, ನಾನೇ ಅಂದಿದ್ದೆ. ಶೆಲ್ಲಿನ ಮ್ಯಾಲ 9800 ಎಂಎಎಚ್ ಅಂತ ದಪ್ಪ ಅಕ್ಷರದಾಗ ಬರದಿತ್ತು. (ಎಂಎಎಚ್ ಅಂದ್ರ ಮಿಲಿಆಂಪಿಯರ್ ಅವರ್, ಶೆಲ್ಲು ಎಷ್ಟು ಚಾರ್ಜ್ ಹಿಡೀತೈತಿ ಅನ್ನೂ ಲೆಕ್ಕ. 1000 ಇದ್ರ ಒಂದು ಆಂಪಿಯರ್ ಒಂದು ತಾಸು ಎಳೀಬಹುದು.) ಆ ಬ್ಯಾಟರಿ ಹೆಚ್ಚೂಕಡಿಮಿ ಅರ್ಧ ಆಂಪಿಯರ್ ಎಳೀತೈತಿ. 9800 ಖರೇ ಆಗಿದ್ರ ಇಡೀ ರಾತ್ರಿ ಉರದು ಮರುದಿನ ಮಧ್ಯಾಹ್ನಕ್ಕೂ ಉಳೀಬೇಕಿತ್ತು. ಎರಡೇ ತಾಸಿಗೆ ಆರೈತಿ ಅಂದ್ರ ಒಳಗ ಸುಮಾರು 1000 ಅಷ್ಟೇ ಇರಬೇಕು. ಆ ರಾತ್ರಿ ನಿದ್ದಿ ಬರಲಿಲ್ಲ. ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತೀನಿ, ಕಾಗದದ ಮ್ಯಾಲಿನ ನಂಬರು ನಂಬಿ ಅಪ್ಪನ್ನ ಕತ್ತಲಾಗ ಕಳಿಸಿದ್ದೆ.

ಮರುದಿನ ಅಂಗಡ್ಯಾಗ ಇದ್ದ ನಾಲ್ಕು ನಮೂನಿ ಶೆಲ್ಲು ತಗೊಂಡು ಕೂತೆ. ಎಲ್ಲಾ 18650, ಅಂದ್ರ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಮೊದಲು ತೂಕ ಮಾಡಿದೆ.

ಅಪ್ಪನ ನೀಲಿ ಶೆಲ್ಲು, ಬರದದ್ದು 9800: 29 ಗ್ರಾಂ.
ಕೆಂಪು ಶೆಲ್ಲು, ಬರದದ್ದು 6800: 33 ಗ್ರಾಂ.
ಹಳೇ ಲ್ಯಾಪ್‌ಟಾಪಿಂದ ತಗದದ್ದು, 2600: 44 ಗ್ರಾಂ.
ಸ್ಪ್ರೇ ಪಂಪಿನ ಪ್ಯಾಕಿಗೆ ಅಂತ ಬಿಲ್ ಸಮೇತ ತರಿಸಿದ್ದು, 3000: 46 ಗ್ರಾಂ.

ದೊಡ್ಡ ನಂಬರಿನ ಎರಡೂ ಶೆಲ್ಲು ತೂಕದಾಗ ಹಗುರ. ಕೈಯಾಗ ಹಿಡದ್ರನ ಗೊತ್ತಾಗ್ತೈತಿ, ನಾ ಇಷ್ಟು ದಿನ ಹಿಡದು ನೋಡಿರಲಿಲ್ಲ.

ಆಮ್ಯಾಲ ಎಲ್ಲಾ ಶೆಲ್ಲು ಟಿಪಿ4056 ಬೋರ್ಡಿನ ಮ್ಯಾಲ ಪೂರಾ ಚಾರ್ಜ್ ಮಾಡಿದೆ. ಆ ಬೋರ್ಡು 1 ಆಂಪಿಯರಿನಿಂದ ತುಂಬಿಸಿ, 4.2 ವೋಲ್ಟಿಗೆ ಬಂದ ಮ್ಯಾಲ ಕರೆಂಟು ಹತ್ತನೇ ಒಂದು ಭಾಗಕ್ಕ ಇಳದಾಗ ತಾನೇ ನಿಲ್ಲಸ್ತೈತಿ. ಒಂದು ತಾಸು ಆರಾಕ ಬಿಟ್ಟು, ಖಾಲಿ ಮಾಡ್ಕೋತ ಎಷ್ಟು ಎಂಎಎಚ್ ಹೊರಗ ಬಂತು ಅಂತ ಎಣಸೂ ಮೀಟರಿಗೆ ಹಚ್ಚಿದೆ. 7.5 ಓಮಿನ ಎರಡು ರೆಸಿಸ್ಟರು ಜೋಡಿ ಮಾಡಿದ್ರ 3.75 ಓಮು, ಸುಮಾರು 1 ಆಂಪಿಯರ್ ಎಳೀತೈತಿ. 3.0 ವೋಲ್ಟಿಗೆ ನಿಲ್ಲೂವಂಗ ಇಟ್ಟೆ.

ಬಂದದ್ದು: ನೀಲಿ 1090, ಕೆಂಪು 1240, ಲ್ಯಾಪ್‌ಟಾಪಿಂದು 1910, ಬಿಲ್ಲಿಂದು 2410.

ನೀಲಿ, ಕೆಂಪು ಮೋಸ ಅನ್ನೂದು ಖಾತ್ರಿ ಆತು. ಆದ್ರ ಬಿಲ್ ಕೊಟ್ಟು ತಗೊಂಡ 3000 ಸುದ್ದಾ 2410ಕ್ಕ ನಿಂತೈತಿ. ಎಲ್ಲಾರೂ ಹಿಂಗನ ಬರೀತಾರೇನು? ನಿಮ್ಮ ಅನುಭವ ಹೇಳ್ರಿ.

ತಿಕೋಟಾ ದ್ರಾಕ್ಷಿ
ಭಾನುವಾರ, ರಾತ್ರಿ 10:15

ಅಣ್ಣಾರ, ಓದಿ ಮೈ ಜುಮ್ಮಂತು. ನಮ್ಮ ಮನ್ಯಾಗೂ ತಲಿಗೆ ಕಟ್ಟೂ ಬ್ಯಾಟರಿ ಮೂರು ಅದಾವ, ಒಂದೊಂದಕ್ಕ ಎರಡೆರಡು ಶೆಲ್ಲು. ಮ್ಯಾಲ 8800 ಬರದಾರ. ರಾತ್ರಿ ಹೊತ್ತು ತ್ವಾಟದಾಗ ಎಣ್ಣಿ ಹೊಡ್ಯಾಕ ಅದನ್ನ ಕಟ್ಕೊಂಡು ಹೋಗ್ತೀವಿ. ನಮ್ಮಂತಾವ್ರಿಗೆ ಮೀಟರು ಗೀಟರು ಗೊತ್ತಾಗೂದಿಲ್ಲ. ತೂಕ ಒಂದರ ಮ್ಯಾಲ ಹೇಳಾಕ ಬರ್ತದೇನ್ರಿ?

ವಿಜ್ಞಾನ ಟೀಚರ್, ನವನಗರ
ಭಾನುವಾರ, ರಾತ್ರಿ 10:50

ನಿಮ್ಮ ತಂದೆಯವರು ಕ್ಷೇಮವಾಗಿ ಮನೆಗೆ ಬಂದದ್ದು ದೊಡ್ಡದು.

ತಿಕೋಟಾದವರೇ, ತೂಕ ಸುಳ್ಳನ್ನು ಹಿಡಿಯುತ್ತದೆ, ಆದರೆ ಸತ್ಯವನ್ನು ಪೂರ್ತಿ ಹೇಳುವುದಿಲ್ಲ. ಒಂದು ಲೆಕ್ಕ ನೋಡಿ. ಇವತ್ತಿನ ಒಳ್ಳೆಯ 18650 ಸೆಲ್ ಸುಮಾರು 3500 ಎಂಎಎಚ್ ಹಿಡಿಯುತ್ತದೆ, ತೂಕ 48 ಗ್ರಾಂ ಹತ್ತಿರ. 3.5 ಆಂಪಿಯರ್ ಅವರ್ ಅನ್ನು 3.6 ವೋಲ್ಟಿನಿಂದ ಗುಣಿಸಿದರೆ 12.6 ವ್ಯಾಟ್ ಅವರ್, ಅದು ಸೆಲ್‌ನ ಒಟ್ಟು ಶಕ್ತಿ. ಅಂದರೆ ಕಿಲೋಗೆ ಸುಮಾರು 260. ಹೆಸರಾಂತ ಕಂಪನಿಗಳು ಈ ಗಾತ್ರದಲ್ಲಿ ಮುಟ್ಟಿರುವ ಎತ್ತರ ಹೆಚ್ಚುಕಡಿಮೆ ಅಷ್ಟೇ. ಈಗ ನೀಲಿ ಸೆಲ್ ತೆಗೆದುಕೊಳ್ಳಿ. 9.8 ಇಂಟು 3.6 ಅಂದರೆ 35 ವ್ಯಾಟ್ ಅವರ್, ಅದೂ 29 ಗ್ರಾಮಿನಲ್ಲಿ. ಕಿಲೋಗೆ 1200 ದಾಟುತ್ತದೆ. ಲಿಥಿಯಂ ಅಯಾನ್ ಸೆಲ್ 1991ರಲ್ಲಿ ಸೋನಿಯಿಂದ ಮಾರುಕಟ್ಟೆಗೆ ಬಂದಾಗಿನಿಂದ ಇಲ್ಲಿಯವರೆಗೆ ಅಂಥದ್ದನ್ನು ಯಾರೂ ಅಂಗಡಿಯಲ್ಲಿ ಮಾರಿಲ್ಲ. 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ ನೊಬೆಲ್ ಕೊಟ್ಟದ್ದು ಇದೇ ಸೆಲ್‌ನ ಕೆಲಸಕ್ಕೆ. ಅವರ ರಸಾಯನಶಾಸ್ತ್ರ ಕೊಡಲಾರದ್ದನ್ನು ಸುತ್ತಿದ ಪ್ಲಾಸ್ಟಿಕ್ ಕೊಡಲಾರದು.

ಮುಧೋಳದ ಅಣ್ಣನವರಿಗೆ ನನ್ನದೊಂದು ಪ್ರಶ್ನೆ. ಮೀಟರಿಗೂ ಸೆಲ್ಲಿಗೂ ನಡುವೆ ಎಂಥ ವೈರ್ ಹಾಕಿದ್ದೀರಿ? ಮೀಟರ್ ಓಡುತ್ತಿರುವಾಗ ಸೆಲ್‌ನ ಎರಡು ತುದಿಗೇ ಮಲ್ಟಿಮೀಟರ್ ಮುಳ್ಳು ಇಟ್ಟು ವೋಲ್ಟೇಜ್ ನೋಡಿದ್ದೀರಾ? ಬಿಲ್ಲಿನ ಸೆಲ್ಲಿಗೆ ಅನ್ಯಾಯವಾಗಿದೆಯೇನೋ ಎಂದು ನನಗೆ ಅನುಮಾನ.

ಮುಧೋಳ ರಿಪೇರಿ
ಸೋಮವಾರ, ಮಧ್ಯಾಹ್ನ 1:20

ಅಕ್ಕಾರ, ನೀವು ಹೇಳಿದಂಗ ಈಗ ನೋಡಿದೆ. ಹಳೇ ಚಾರ್ಜರಿನ ಸಣ್ಣ ವೈರು, ತುದಿಗೆ ಮೊಸಳಿ ಕ್ಲಿಪ್ಪು ಹಾಕಿದ್ದೆ. ಮೀಟರು 3.12 ತೋರಸಾಕತ್ತಿತ್ತು, ಅದೇ ಹೊತ್ತಿಗೆ ಶೆಲ್ಲಿನ ಮೈಗೆ ಹಿಡದ್ರ 3.31. ನಡುವ 0.19 ವೋಲ್ಟು ವೈರಿನಾಗ ಹೋಗೈತಿ. ಕ್ಲಿಪ್ಪು ಮುಟ್ಟಿದ್ರ ಬೆಚ್ಚಗಿತ್ತು.

ಅಂದ್ರ ನಾ 3.0ಕ್ಕ ನಿಲ್ಲಸೀನಿ ಅನಕೊಂಡಿದ್ದು ಖರೇ ಹೇಳಬೇಕಂದ್ರ 3.2 ಹತ್ರ. ಶೆಲ್ಲಿನಾಗ ಇನ್ನೂ ಇತ್ತು, ನಾನೇ ಕಿತ್ಕೊಂಡೆ. ತಪ್ಪು ನಂದು. ಮ್ಯಾಲ ಬರದ 2410 ಯಾರೂ ಹಿಡೀಬ್ಯಾಡ್ರಿ.

ಉದ್ಯಮಬಾಗ ಕ್ವಾಲಿಟಿ
ಸೋಮವಾರ, ಸಂಜೆ 7:05

ಬೆಳಗಾವಿಯಿಂದ. ಪ್ಯಾಕ್ ಕಟ್ಟುವ ಕಡೆ ಸರಕು ಒಳಗೆ ಬರುವಾಗ ತಪಾಸಣೆ ಮಾಡುವುದು ನನ್ನ ಕೆಲಸ. ಟೀಚರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ.

ಸೆಲ್ ಮೇಲಿನ ಎಂಎಎಚ್ ಒಂಟಿ ಸಂಖ್ಯೆಯಲ್ಲ. ಅದರ ಹಿಂದೆ ಮೂರು ಷರತ್ತು ಇರುತ್ತವೆ: ಎಷ್ಟು ಆಂಪಿಯರ್ ಎಳೆದರು, ಎಷ್ಟು ವೋಲ್ಟಿಗೆ ನಿಲ್ಲಿಸಿದರು, ಎಷ್ಟು ಸೆಖೆಯಲ್ಲಿ ಅಳೆದರು. ಐಇಸಿ 61960 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ 20 ಡಿಗ್ರಿ ಆಸುಪಾಸಿನಲ್ಲಿ, ಬರೆದ ಸಾಮರ್ಥ್ಯದ ಐದನೇ ಒಂದು ಭಾಗದ ಕರೆಂಟಿನಲ್ಲಿ, ತಯಾರಕರು ಹೇಳಿದ ಕೊನೆಯ ವೋಲ್ಟೇಜಿನವರೆಗೆ ಖಾಲಿ ಮಾಡಿ ಅಳೆಯಬೇಕು. ನಿಮ್ಮ 3000 ಸೆಲ್ಲಿಗೆ ಅದು 0.6 ಆಂಪಿಯರ್. ಇಂಥ ಬಹಳಷ್ಟು ಸೆಲ್‌ಗಳ ಡೇಟಾಶೀಟಿನಲ್ಲಿ ಕೊನೆ 2.5 ವೋಲ್ಟ್ ಇರುತ್ತದೆ. ನೀವು 1 ಆಂಪಿಯರ್ ಎಳೆದು 3.2ಕ್ಕೆ ನಿಲ್ಲಿಸಿ 3000 ಬರಲಿಲ್ಲ ಎಂದರೆ, ಕೊಡ ಪೂರ್ತಿ ಬಗ್ಗಿಸದೆ ನೀರು ಕಡಿಮೆ ಇದೆ ಎಂದಂತೆ.

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಬಗ್ಗೆಯೂ ಬಹಳ ಜನಕ್ಕೆ ತಪ್ಪು ತಿಳಿವಳಿಕೆ ಇದೆ. ಸೆಲ್ ಮೇಲೆ ಐಎಸ್ 16046 ಎಂದೂ ಆರ್ ಎಂದು ಶುರುವಾಗುವ ನೋಂದಣಿ ಸಂಖ್ಯೆಯೂ ಇದ್ದರೆ ಅದು ಸುರಕ್ಷತೆಯ ಪರೀಕ್ಷೆ: ಶಾರ್ಟ್ ಮಾಡಿದರೆ, ಬೀಳಿಸಿದರೆ, ಕಾಯಿಸಿದರೆ, ಹಿಸುಕಿದರೆ ಬೆಂಕಿ ಹತ್ತುತ್ತದೆಯೇ, ಸಿಡಿಯುತ್ತದೆಯೇ ಎಂಬುದು. ಬರೆದ ಎಂಎಎಚ್ ಖರೆ ಎಂದು ಆ ಗುರುತು ಹೇಳುವುದಿಲ್ಲ. ಆದರೂ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸಂಖ್ಯೆಯೇ ಸುಳ್ಳಾಗಿದ್ದರೆ ಉಳಿದದ್ದನ್ನು ಅಳೆಯುವ ಅಗತ್ಯವೇ ಇಲ್ಲ.

ನಮ್ಮಲ್ಲಿ ಮೊದಲು ತೂಕ, ಆಮೇಲೆ ತೆರೆದ ವೋಲ್ಟೇಜ್ (ಏನೂ ಲೋಡ್ ಹಚ್ಚದಾಗಿನದ್ದು), ಆಮೇಲೆ 1 ಕಿಲೋಹರ್ಟ್ಸ್‌ನಲ್ಲಿ ಒಳರೋಧ, ಅಂದರೆ ಸೆಲ್ ಒಳಗೇ ಕರೆಂಟಿಗೆ ಆಗುವ ತಡೆ. ಕೊನೆಗೆ ಲಾಟಿನಿಂದ ಕೆಲವನ್ನು ಆರಿಸಿ 25 ಡಿಗ್ರಿ ಪೆಟ್ಟಿಗೆಯಲ್ಲಿಟ್ಟು ಪೂರ್ತಿ ಖಾಲಿ ಮಾಡುತ್ತೇವೆ. ಮೊದಲ ಮೂರಕ್ಕೆ ಒಂದು ನಿಮಿಷ ಸಾಕು, ಕಳಪೆ ಮಾಲಿನ ಬಹುಪಾಲು ಅಲ್ಲೇ ಉದುರುತ್ತದೆ.

ಅಥಣಿ ಎಲೆಕ್ಟ್ರಿಕಲ್ಸ್
ಸೋಮವಾರ, ರಾತ್ರಿ 9:30

ನಾ ಮಾರೂ ಮನಷ್ಯಾ. ನಂದೂ ಒಂದು ಮಾತು ಕೇಳ್ರಿ.

ನಾವು ಡಬ್ಬಿಗಟ್ಲೆ ಹೋಲ್‌ಸೇಲಿನವರ ಹತ್ರ ತರ್ತೀವಿ. ಡಬ್ಬಿ ಮ್ಯಾಲೂ ಅದೇ ನಂಬರು, ಶೆಲ್ಲಿನ ಮ್ಯಾಲೂ ಅದೇ ನಂಬರು. ಹ್ವಾದ ವರ್ಷ ಒಳ್ಳೆ ಕಂಪನೀದು 2600 ಬರದದ್ದು ಇಪ್ಪತ್ತು ತಂದು ಇಟ್ಟೆ. ಗಿರಾಕಿ ಬರ್ತಾರ, ಎರಡೂ ಕೈಯಾಗ ತಗೋತಾರ, "ಇದು 2600, ಅದು 9800, ಅದರ ರೇಟೂ ಅರ್ಧ. ಅದನ್ನ ಕೊಡ್ರಿ" ಅಂತಾರ. ಆರು ತಿಂಗಳಾದ್ರೂ ಹದಿನಾಲ್ಕು ಹಂಗೇ ಉಳದ್ವು. ಮನಿ ನಡೀಬೇಕಲ್ರಿ. ಮೋಸ ಮಾಡಬೇಕಂತ ಕುಂತಿಲ್ಲ ನಾವು, ಆದ್ರ ಇದನ್ನ ಓದಿದ ಮ್ಯಾಲ ಆ ಡಬ್ಬಿ ಕಡೆ ನೋಡಾಕ ಮನಸ್ಸಾಗಲಿಲ್ಲ. ರಾತ್ರಿ ನೀರಿಗೆ ಹೋಗವರಿಗೇ ಮಾರೀನಿ ಎಲ್ಲಾ.

ಮುಧೋಳ ರಿಪೇರಿ
ಸೋಮವಾರ, ರಾತ್ರಿ 10:10

ಕಾಕಾರ, ನೀವು ಇಷ್ಟು ಬಿಚ್ಚಿ ಹೇಳಿದ್ದಕ್ಕ ಕೈ ಮುಗೀತೀನಿ. ನಾನೂ ನನ್ನ ಅಪ್ಪಗ ಅದನ್ನ ಕೊಟ್ಟವನೇ. ಒಂದು ಕೆಲಸ ಮಾಡ್ರಿ. ನಿಮ್ಮ ಕೌಂಟರಿನ ಮ್ಯಾಲ ಒಂದು ಸಣ್ಣ ತಕ್ಕಡಿ ಇಡ್ರಿ, ಗಿರಾಕಿ ಮುಂದನ ಎರಡೂ ತೂಗಿ ತೋರಸ್ರಿ. 29 ಒಂದು ಕಡೆ, 45 ಒಂದು ಕಡೆ. ನಮ್ಮ ಮಂದಿಗೆ ತೂಕದ ಭಾಷೆ ಬ್ಯಾರೆ ಹೇಳಬೇಕಾಗಿಲ್ಲ. ಕಾರ್ಖಾನಿ ಕಾಟಾದ ಮುಂದ ನಿಂತು ಕಬ್ಬು ತೂಗಿಸಿದವರು.

ಜಮಖಂಡಿ ಸ್ಟೂಡೆಂಟ್
ಸೋಮವಾರ, ರಾತ್ರಿ 11:25

ಸರ್, ನನ್ನ ಪವರ್ ಬ್ಯಾಂಕ್ 10000 ಅಂತ ಇದೆ. ಯುಎಸ್‌ಬಿ ಮೀಟರ್ ಹಾಕಿ ನೋಡಿದ್ರೆ 6200 ಮಾತ್ರ ಬಂತು. ಇದೂ ಮೋಸ ಅಲ್ವಾ? ವಾಪಸ್ ಕೊಡಲಾ?

ವಿಜ್ಞಾನ ಟೀಚರ್, ನವನಗರ
ಮಂಗಳವಾರ, ಬೆಳಗ್ಗೆ 6:30

ತಮ್ಮಾ, ವಾಪಸ್ ಕೊಡಬೇಡ, ನಿನ್ನದು ಒಳ್ಳೆಯದೇ ಇದೆ. 10000 ಎಂಬುದು ಒಳಗಿನ ಸೆಲ್‌ನ ಲೆಕ್ಕ, 3.7 ವೋಲ್ಟಿನಲ್ಲಿ. ಅಂದರೆ 37 ವ್ಯಾಟ್ ಅವರ್. ನೀನು ಅಳೆದದ್ದು ಹೊರಗೆ ಬರುವ 5 ವೋಲ್ಟಿನಲ್ಲಿ. 37 ಅನ್ನು 5ರಿಂದ ಭಾಗಿಸಿದರೆ 7400. ವೋಲ್ಟೇಜ್ ಏರಿಸುವ ಸರ್ಕ್ಯೂಟಿನಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಬಿಸಿಯಾಗಿ ಹೋಗುತ್ತದೆ. 6200 ಬಂದರೆ ಪ್ರಾಮಾಣಿಕ ಪವರ್ ಬ್ಯಾಂಕ್. ಹಿಂಬದಿಯ ಸಣ್ಣ ಅಕ್ಷರದಲ್ಲಿ ರೇಟೆಡ್ ಕೆಪ್ಯಾಸಿಟಿ ಎಂದು ಇಷ್ಟನ್ನೇ ಬರೆದಿರುತ್ತಾರೆ, ಓದಿ ನೋಡು. ಇನ್ನು ಮುಂದೆ ಎಂಎಎಚ್ ಬದಲು ವ್ಯಾಟ್ ಅವರ್ ನೋಡುವ ರೂಢಿ ಮಾಡಿಕೋ. ವಿಮಾನದವರೂ 100 ವ್ಯಾಟ್ ಅವರ್ ಎಂದೇ ಮಿತಿ ಹಾಕುತ್ತಾರೆ, ಎಂಎಎಚ್ ಕೇಳುವುದಿಲ್ಲ.

ಬನಹಟ್ಟಿ ಮಗ್ಗ
ಮಂಗಳವಾರ, ಬೆಳಗ್ಗೆ 8:00

ನೀಲಿ ಶೆಲ್ಲು ಕೊಯ್ದು ನೋಡ್ರಿ ಅಣ್ಣಾ, ಒಳಗ ಏನೈತಿ ಅಂತ. ಒಳಗ ಸಣ್ಣ ಶೆಲ್ಲಿಟ್ಟು ಸುತ್ತ ಪುಡಿ ತುಂಬಿದ್ದು ವಿಡಿಯೋದಾಗ ನೋಡೀನಿ.

ಉದ್ಯಮಬಾಗ ಕ್ವಾಲಿಟಿ
ಮಂಗಳವಾರ, ಬೆಳಗ್ಗೆ 8:40

ದಯವಿಟ್ಟು ಯಾರೂ ಕೊಯ್ಯಬೇಡಿ. ಖಾಲಿ ಎಂದುಕೊಂಡ ಸೆಲ್‌ನಲ್ಲೂ ಚಾರ್ಜ್ ಉಳಿದಿರುತ್ತದೆ. ಬ್ಲೇಡು ಒಳಗಿನ ಎರಡು ಹಾಳೆಗಳನ್ನು ಒಟ್ಟಿಗೆ ಮುಟ್ಟಿದರೆ ಕ್ಷಣದಲ್ಲಿ ಕಾಯ್ದು ಉಗುಳುತ್ತದೆ, ಒಳಗಿನ ದ್ರವಕ್ಕೆ ಬೆಂಕಿ ಹತ್ತುತ್ತದೆ. ನೋಡಬೇಕಾದ್ದು ಹೊರಗೇ ಇದೆ. ಮೇಲಿನ ಪ್ಲಾಸ್ಟಿಕ್ ಅಂಚು ಸೊಟ್ಟಗೆ ಸುತ್ತಿದ್ದರೆ, ಸೆಲ್‌ನ ತಳದಲ್ಲಿ ಜೋಡಿ ಜೋಡಿ ಸಣ್ಣ ಕುಳಿಗಳಿದ್ದರೆ ಅದು ಹಳೇ ಪ್ಯಾಕಿನಿಂದ ಕಿತ್ತದ್ದು. ಆ ಕುಳಿಗಳು ನಿಕ್ಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿದ ಗುರುತು. ಹೊಸ ಬಿಡಿ ಸೆಲ್‌ನ ತಳ ಕನ್ನಡಿಯ ಹಾಗೆ ನುಣುಪಾಗಿರುತ್ತದೆ.

ಇನ್ನೊಂದು. ಸೋಲಾರ್ ಬೀದಿದೀಪದಿಂದ ಬರುವ ದಪ್ಪ ಸೆಲ್, 32650 ಗಾತ್ರದ್ದು, ಬಹಳ ಸಲ ಲಿಥಿಯಂ ಐರನ್ ಫಾಸ್ಫೇಟ್ ಆಗಿರುತ್ತದೆ. ಅದರ ಮೇಲೆ 3.2 ವೋಲ್ಟ್ ಎಂದು ಬರೆದಿರುತ್ತದೆ, ಅದನ್ನು 3.65 ವೋಲ್ಟಿನ ಮೇಲೆ ತುಂಬಿಸಬಾರದು. ಟಿಪಿ4056 ಮೇಲೆ ಹಾಕಿದರೆ 4.2ರವರೆಗೆ ಒತ್ತುತ್ತದೆ. ಪರೀಕ್ಷೆ ಮಾಡುವ ಉತ್ಸಾಹದಲ್ಲಿ ಇದನ್ನು ಮರೆಯಬೇಡಿ.

ಮುಧೋಳ ರಿಪೇರಿ
ಗುರುವಾರ, ರಾತ್ರಿ 10:30

ಮೂರು ದಿನ ಅಂಗಡಿ ಮುಚ್ಚಿದ ಮ್ಯಾಲ ಕೂತು ಎಲ್ಲಾ ಮತ್ತ ಮೊದಲಿಂದ ಮಾಡೀನಿ.

ಮೊಸಳಿ ಕ್ಲಿಪ್ಪು ತಗದು ಹಾಕಿದೆ. ಗಟ್ಟಿ ಸ್ಪ್ರಿಂಗಿನ ಹೋಲ್ಡರಿಗೆ ದಪ್ಪ ತಾಮ್ರದ ವೈರು ಬೆಸುಗಿ ಹಾಕಿ, ಉದ್ದ ಗೇಣಿಗಿಂತ ಕಡಿಮಿ ಇಟ್ಟೆ. ಒಂದೇ ರೆಸಿಸ್ಟರು, 7.5 ಓಮು, ಅರ್ಧ ಆಂಪಿಯರ್ ಹತ್ರ. 2.5ಕ್ಕ ನಿಲ್ಲಸಿದೆ. ಶೆಲ್ಲಿಗೂ ಮೀಟರಿಗೂ ಈಗ 0.02 ವೋಲ್ಟಷ್ಟೇ ಫರಕು. ಹಗಲಾಗ ತಗಡಿನ ಕೆಳಗ ಅಂಗಡಿ ಕಾಯ್ತೈತಿ, ಅದಕ್ಕ ರಾತ್ರಿ ಫ್ಯಾನ್ ಕೆಳಗ ಇಟ್ಟು ಮಾಡಿದೆ.

ಬಿಲ್ಲಿಂದು 2940. ಬರದದ್ದು 3000.

ಕಂಪನಿಯವರು ಸುಳ್ಳು ಬರದಿರಲಿಲ್ಲ. ನಾ ಭಾನುವಾರ ಅವರನ್ನೂ ಅದೇ ಸಾಲಿನಾಗ ನಿಲ್ಲಸಿದ್ದೆ, ಆ ಮಾತು ವಾಪಸ್ ತಗೋತೀನಿ. ಟೀಚರ್ ಅಕ್ಕಾರ ಆ ಒಂದು ಪ್ರಶ್ನೆ ಕೇಳದಿದ್ರ ನಾ ಊರ ತುಂಬ ತಪ್ಪು ಹೇಳ್ಕೋತ ತಿರಗತಿದ್ದೆ.

ಲ್ಯಾಪ್‌ಟಾಪಿಂದು 2050. ತಳ ನೋಡಿದೆ, ಉದ್ಯಮಬಾಗದ ಸರ್ ಹೇಳಿದ ಕುಳಿ ನಾಲ್ಕು ಅದಾವ. ವಯಸ್ಸಾಗೈತಿ, ಆದ್ರ ಖರೇ ಶೆಲ್ಲು.

ಕೆಂಪು 1310. ನೀಲಿ 1180. ವೈರು ದಪ್ಪ ಮಾಡಿದೆ, ಕರೆಂಟು ಅರ್ಧ ಮಾಡಿದೆ, ಕೊನೀತನಕ ಹಿಂಡಿದೆ, ಆದ್ರೂ ನೀಲಿ 90ರಷ್ಟು ಮ್ಯಾಲ ಏರಿತು, ಅಷ್ಟೇ. ಬರದದ್ದರಾಗ ಎಂಟನೇ ಒಂದು ಪಾಲೂ ಇಲ್ಲ. ಒಳರೋಧವೂ ನೋಡಿದೆ: ಲೋಡ್ ಹಚ್ಚಿದ ಕೂಡ್ಲೆ ವೋಲ್ಟೇಜು ಎಷ್ಟು ಬೀಳ್ತೈತಿ ಅಂತ ಬರಕೊಂಡು ಕರೆಂಟಿನಿಂದ ಭಾಗಿಸಿದೆ. ಬಿಲ್ಲಿಂದು 40 ಮಿಲಿಓಮು ಆಸುಪಾಸು, ನೀಲಿ 200 ದಾಟೈತಿ. ಚಾರ್ಜಾಗೂ ಮುಂದ ಅದು ಯಾಕ ಅಷ್ಟು ಕಾಯ್ತಿತ್ತು ಅಂತ ಈಗ ತಿಳೀತು.

ಅಪ್ಪನ ಬ್ಯಾಟರಿಗೆ ಬಿಲ್ಲಿನ ಶೆಲ್ಲು ಹಾಕಿ, ಮನ್ಯಾಗ ಮ್ಯಾಜಿನ ಮ್ಯಾಲ ಹಚ್ಚಿಟ್ಟು ಗಡಿಯಾರ ನೋಡಿದ್ವಿ. ಐದು ತಾಸು ಐವತ್ತು ನಿಮಿಷ. ಅವ್ವ ನಡುನಡುವ ಬಂದು "ಇನ್ನೂ ಉರಿಯಾಕತ್ತೈತೇನೋ" ಅಂತ ಕೇಳ್ತಿದ್ಲು. ಅಪ್ಪ ಇನ್ನೊಂದು ಶೆಲ್ಲು ಕಿಸೆದಾಗ ಇಟ್ಕೊಂಡು ಹೋಗ್ತೀನಿ ಅಂದಾನ. ಪ್ಲಾಸ್ಟಿಕ್ ಡಬ್ಬಿ ಕೊಟ್ಟೀನಿ. ಕಿಸೆದಾಗ ಚಾವಿ, ಚಿಲ್ಲರ್‍ಯಾಗ ಬಿಡಿ ಶೆಲ್ಲು ಇಟ್ರ ಶಾರ್ಟ್ ಆಗ್ತೈತಿ.

ಅಥಣಿ ಎಲೆಕ್ಟ್ರಿಕಲ್ಸ್
ಶುಕ್ರವಾರ, ಬೆಳಗ್ಗೆ 11:15

ತಕ್ಕಡಿ ತಂದೀನಪಾ. ನಿನ್ನೆ ಸಂತಿ ದಿನ ಆರು ಮಂದಿಗೆ ತೂಗಿ ತೋರಿಸಿದೆ. ನಾಲ್ಕು ಮಂದಿ 2600 ತಗೊಂಡ್ರು, ರೊಕ್ಕ ಜಾಸ್ತಿ ಅಂತ ಒಂದು ಮಾತೂ ಅನಲಿಲ್ಲ. ಹೋಲ್‌ಸೇಲಿನವರಿಗೆ ಫೋನ್ ಮಾಡಿ, ಉಳದ ಡಬ್ಬಿ ವಾಪಸ್ ತಗೋರಿ ಅಂದೀನಿ. ಇನ್ನೂ ಒಪ್ಪಿಲ್ಲ. ಬಿಲ್ ನನ್ನ ಹತ್ರ ಐತಿ.

ಉದ್ಯಮಬಾಗ ಕ್ವಾಲಿಟಿ
ಶುಕ್ರವಾರ, ಮಧ್ಯಾಹ್ನ 2:00

ಬಿಲ್ ಜೋಪಾನವಾಗಿಡಿ. ನಿಮ್ಮಲ್ಲಿ ತಗೊಂಡ ಗಿರಾಕಿಗಳಿಗೂ ಬಿಲ್ ಕೊಡಿ. ಬರೆದದ್ದಕ್ಕೂ ಇರುವುದಕ್ಕೂ ಇಷ್ಟು ಅಂತರವಿದ್ದರೆ ಗ್ರಾಹಕರು 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೆಟ್ಟ ಸೆಲ್‌ಗಳನ್ನು ಮಾತ್ರ ಕಸದ ಗಾಡಿಗೆ ಹಾಕಬೇಡಿ. ತುದಿಗಳಿಗೆ ಟೇಪ್ ಸುತ್ತಿ ಬೇರೆ ಇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅವನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದ್ದು.

ತಿಕೋಟಾ ದ್ರಾಕ್ಷಿ
ಶುಕ್ರವಾರ, ರಾತ್ರಿ 8:45

ಅಣ್ಣಾರ, ಪತ್ತಾರರ ಅಂಗಡಿಗೆ ಹೋಗಿ ಆರೂ ಶೆಲ್ಲು ತೂಗಿಸ್ಕೊಂಡು ಬಂದೆ. ಬಂಗಾರ ತೂಗೂ ತಕ್ಕಡಿ, ಫರಕು ಇರಂಗಿಲ್ಲ. ಬರಕೋರಿ: 28, 29, 28, 31, 43, 44. ಕೊನೀ ಎರಡು ನಮ್ಮ ತಮ್ಮ ಪುಣೆದಿಂದ ತಂದದ್ದು. ಈಗ ಯಾವುದು ಇಟ್ಕೋಬೇಕು? ಇನ್ನೊಂದು, ಮನ್ಯಾಗ ಶೆಡ್ಡಿನ ತಗಡಿನ ಕೆಳಗ ಚಾರ್ಜಿಗೆ ಹಾಕ್ತೀವಿ, ಬ್ಯಾಸಗ್ಯಾಗ ಅಲ್ಲಿ ನಿಲ್ಲಾಕ ಆಗೂದಿಲ್ಲ. ಅದು ನಡೀತೈತೇನು?

ಮುಧೋಳ ರಿಪೇರಿ
ಶುಕ್ರವಾರ, ರಾತ್ರಿ 9:20

ಅಲ್ಲಿ ಬ್ಯಾಡ್ರಿ. ನಿಮ್ಮ ವಿಜಯಪುರ ಕಡೆ ಬ್ಯಾಸಗ್ಯಾಗ ನೆರಳಾಗ 40 ದಾಟ್ತೈತಿ, ತಗಡಿನ ಕೆಳಗ ಇನ್ನೂ ಜಾಸ್ತಿ. ಪೂರಾ ತುಂಬಿದ ಶೆಲ್ಲು ಅಂಥಾ ಸೆಖೆದಾಗ ಇಟ್ರ ಬಳಸದಿದ್ರೂ ಅದರ ತಾಕತ್ತು ಕರಗತೈತಿ. ಮನಿ ಒಳಗ, ನೆಲದ ಮ್ಯಾಲ, ನಿಮ್ಮ ಕಣ್ಣ ಮುಂದ ಚಾರ್ಜ್ ಮಾಡ್ರಿ. ಮಕ್ಕೊಂಡಾಗ ಬ್ಯಾಡ. ಎಣ್ಣಿ ಹೊಡಿಯೂ ಹಂಗಾಮು ಮುಗದ ಮ್ಯಾಲ ಅರ್ಧ ಚಾರ್ಜಿನಾಗ ತಂಪು ಜಾಗಾದಾಗ ಎತ್ತಿ ಇಡ್ರಿ.

28, 29, 28, 31 ಈ ನಾಲ್ಕೂ ಇನ್ನು ಚಾರ್ಜಿಗೆ ಹಾಕಬ್ಯಾಡ್ರಿ. ತುದಿಗೆ ಟೇಪ್ ಸುತ್ತಿ ಒಂದು ಡಬ್ಬಿಯಾಗ ಹಾಕಿ ತಗೊಂಡು ಬರ್ರಿ, ನನ್ನ ನೀಲಿ ಕೆಂಪಿನ ಜೋಡಿ ಕಳಸ್ತೀನಿ. 43, 44ರ ತಳ ಬೆಳಕಿಗೆ ಹಿಡದು ಕುಳಿ ಅದಾವೇನು ನೋಡ್ರಿ. ಭಾನುವಾರ ಮುಧೋಳಕ್ಕ ಬರೂದಾದ್ರ ಆ ಎರಡೂ ಮೀಟರಿಗೆ ಹಚ್ಚೂಣು. ಒಂದೊಂದಕ್ಕ ಐದಾರು ತಾಸು ಹಿಡೀತೈತಿ, ಬೆಳಗ್ಗೆ ಲಗೂನ ಬರ್ರಿ. ಊಟ ನಮ್ಮ ಮನ್ಯಾಗ.